ಕ್ಯಾಲಿಫೋರ್ನಿಯಾದ ಕರೆಂಟ್ ಬಿಲ್ ಹಿಂದಿನ ಲೆಕ್ಕ

ಕ್ಯಾಲಿಫೋರ್ನಿಯಾಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ನಮ್ಮ ಮನೆಯ ಕರೆಂಟ್ ಬಿಲ್ ನೋಡಿ ನಾನು ಗಾಬರಿಯಾಗಿದ್ದೆ. ಸಂಜೆ ಆರಕ್ಕೆ ಮನೆಗೆ ಬಂದು ಎಸಿ ಹಾಕಿ, ಅದರ ಜೊತೆಗೇ ವಾಷಿಂಗ್ ಮೆಷಿನ್, ಡ್ರೈಯರ್ ಎರಡನ್ನೂ ಓಡಿಸುತ್ತಿದ್ದೆ. ಯೂನಿಟ್ ದರ ಅತಿ ಜಾಸ್ತಿ ಇರುವುದು ಆ ಹೊತ್ತಿಗೇ ಅಂತ ಯಾರೂ ಹೇಳಿರಲಿಲ್ಲ. ಇಲ್ಲಿನ ಸರ್ಕಾರ ಕರೆಂಟ್ ಬಗ್ಗೆ ಹೇಗೆ ಯೋಚಿಸುತ್ತದೆ ಅಂತ ತಿಳಿದ ಮೇಲೆ ಬಿಲ್ ಓದುವುದು ಸುಲಭವಾಯಿತು.

2000-01ರಲ್ಲಿ ಇಲ್ಲಿ ದೊಡ್ಡ ಕರೆಂಟ್ ಬಿಕ್ಕಟ್ಟು ಬಂದಿತ್ತು. ಸರದಿ ಮೇಲೆ ಊರೂರಿಗೆ ಕರೆಂಟ್ ತೆಗೆಯುತ್ತಿದ್ದರು. ಅದಾದ ಮೇಲೆ, 2003ರಲ್ಲಿ, ರಾಜ್ಯ ಒಂದು ಕ್ರಮ ಹಾಕಿಕೊಂಡಿತು. ಅದನ್ನು 'ಲೋಡಿಂಗ್ ಆರ್ಡರ್' ಅನ್ನುತ್ತಾರೆ. ಬೇಡಿಕೆ ಏರಿದಾಗ ಮೊದಲು ಉಳಿತಾಯ ಮಾಡಬೇಕು, ಬಳಸುವ ಹೊತ್ತನ್ನು ಬದಲಿಸಬೇಕು. ಆಮೇಲೆ ಸೋಲಾರ್, ಗಾಳಿಯಂಥ ಮೂಲಗಳು. ಅದೂ ಸಾಲದಿದ್ದರೆ ಮಾತ್ರ ಗ್ಯಾಸ್ ಸುಡುವ ಹೊಸ ಸ್ಥಾವರ. ಇಲ್ಲಿನ ನೀತಿಯಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ: ಉಳಿಸಿದ ಕರೆಂಟಿಗೆ ಮೊದಲ ಸ್ಥಾನ.

ಆದರೆ ಕರೆಂಟ್ ಮಾರುವ ಕಂಪನಿ 'ಕಡಿಮೆ ಬಳಸಿ' ಅಂತ ಯಾಕೆ ಹೇಳುತ್ತದೆ, ಅಲ್ವಾ? ಅದಕ್ಕೂ ಒಂದು ನಿಯಮವಿದೆ. ಜಾಸ್ತಿ ಯೂನಿಟ್ ಮಾರಿದರೆ ಕಂಪನಿಗೆ ಜಾಸ್ತಿ ಆದಾಯ ಅನ್ನುವ ಲೆಕ್ಕವನ್ನೇ ಇಲ್ಲಿ ಮುರಿದಿದ್ದಾರೆ. ಕಂಪನಿಗೆ ಎಷ್ಟು ಆದಾಯ ಸಲ್ಲಬೇಕು ಅಂತ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ ಅನ್ನುವ ರಾಜ್ಯದ ನಿಯಂತ್ರಣ ಸಂಸ್ಥೆ ಮೊದಲೇ ನಿಗದಿ ಮಾಡುತ್ತದೆ. ಮಾರಾಟ ಕಡಿಮೆಯಾದರೆ ಮುಂದಿನ ದರದಲ್ಲಿ ಸರಿಹೊಂದಿಸುತ್ತಾರೆ. ಹಾಗಾಗಿ ಕಂಪನಿಯ ಕಡೆಯಿಂದ ರಿಬೇಟ್ ಕಾಗದ ಬಂದರೆ ಸುಮ್ನೆ ಜಾಹೀರಾತು ಅಂತ ಎಸೆಯಬೇಡಿ, ಓದಿ ನೋಡಿ.

ಉಳಿತಾಯ ಮೊದಲ ಗುರಿಯಾದರೆ, ಎರಡನೆಯ ಗುರಿ 2018ರ ಎಸ್‌ಬಿ 100 ಕಾಯ್ದೆಯದು. 2030ಕ್ಕೆ ಶೇ 60ರಷ್ಟು ನವೀಕರಿಸಬಹುದಾದ ಮೂಲದ ಕರೆಂಟ್, 2045ಕ್ಕೆ ಮಾರಾಟವಾಗುವ ಕರೆಂಟೆಲ್ಲ ಇಂಗಾಲ ಹೊರಬಿಡದ ಮೂಲದ್ದು. ಮಧ್ಯಾಹ್ನ ಸೋಲಾರ್ ಧಾರಾಳವಾಗಿರುತ್ತದೆ. ಸೂರ್ಯ ಇಳಿಯುವ ಹೊತ್ತಿಗೇ ಜನ ಮನೆ ಸೇರಿ ಎಲ್ಲ ಸ್ವಿಚ್ ಹಾಕುತ್ತಾರೆ. ಅದಕ್ಕೇ ಸಾಮಾನ್ಯವಾಗಿ ಸಂಜೆ 4ರಿಂದ 9 ದುಬಾರಿ ಹೊತ್ತು. 2022ರ ಸೆಪ್ಟೆಂಬರ್ 6ರ ಸಂಜೆ ಬೇಡಿಕೆ 52,000 ಮೆಗಾವ್ಯಾಟ್ ದಾಟಿತ್ತು. ಕರೆಂಟ್ ಉಳಿಸಿ ಅಂತ ಲಕ್ಷಾಂತರ ಫೋನ್‌ಗಳಿಗೆ ಸಂದೇಶ ಹೋಯಿತು. ಜನ ಆರಿಸಿದರು, ಆ ರಾತ್ರಿ ಸರದಿ ಕಡಿತ ತಪ್ಪಿತು. ನಾನೀಗ ಬಟ್ಟೆ ಒಗೆಯುವುದು ರಾತ್ರಿ ಒಂಬತ್ತರ ಮೇಲೆ.

ಬಿಲ್‌ನಲ್ಲಿ ಎರಡು ಹೆಸರು ಕಂಡರೆ ಹೆದರಬೇಡಿ. ಅನೇಕ ಊರುಗಳಲ್ಲಿ ಕರೆಂಟ್ ಖರೀದಿಸುವುದು ಊರಿನವರೇ ಕಟ್ಟಿಕೊಂಡ ಸಂಸ್ಥೆ, ತಂತಿಯಲ್ಲಿ ತಂದುಕೊಡುವುದು ಹಳೆಯ ಕಂಪನಿ. ನೀವು ಬೇಡ ಅನ್ನದಿದ್ದರೆ ತಾನಾಗಿ ಆ ಸಂಸ್ಥೆಗೆ ಸೇರಿರುತ್ತೀರಿ. ಎರಡು ಸಲ ದುಡ್ಡು ಕಿತ್ತಂತಲ್ಲ. ಲಾಸ್ ಏಂಜಲೀಸ್, ಸ್ಯಾಕ್ರಮೆಂಟೊದವರ ಕಥೆ ಬೇರೆ. ಅಲ್ಲಿ ಸಾರ್ವಜನಿಕ ಒಡೆತನದ ಸಂಸ್ಥೆಗಳಿವೆ, ಅವುಗಳ ದರ ಕಮಿಷನ್ ನಿರ್ಧರಿಸುವುದಿಲ್ಲ.

ಮನೆ ಕೊಂಡು ಸೋಲಾರ್ ಹಾಕಿಸುವವರು ಹಳಬರ ಲೆಕ್ಕ ನಂಬಬೇಡಿ. ದೊಡ್ಡ ಖಾಸಗಿ ಕಂಪನಿಗಳ ಪ್ರದೇಶದಲ್ಲಿ 2023ರ ಏಪ್ರಿಲ್ ನಂತರ ಅರ್ಜಿ ಹಾಕಿದವರಿಗೆ, ಗ್ರಿಡ್‌ಗೆ ಕೊಟ್ಟ ಕರೆಂಟಿಗೆ ಸಿಗುವ ದರ ತುಂಬ ಕಡಿಮೆ. ಬ್ಯಾಟರಿ ಸೇರಿಸಿಯೇ ಲೆಕ್ಕ ಹಾಕಿಸಿ.

ಒಬ್ಬರ ದುಡಿಮೆಯಲ್ಲಿ ಸಂಸಾರ ನಡೆಸುವವರು 'ಕೇರ್' ಯೋಜನೆ ವಿಚಾರಿಸಿ. ಮನೆಯ ಆದಾಯ, ಜನರ ಸಂಖ್ಯೆ ನೋಡಿ ಕರೆಂಟ್ ಬಿಲ್‌ನಲ್ಲಿ ಶೇ 30ರಿಂದ 35 ಕಡಿತ ಕೊಡುತ್ತಾರೆ. ಬಾಡಿಗೆ ಮನೆಯವರೂ ಅರ್ಜಿ ಹಾಕಬಹುದು. ಸಂಕೋಚ ಬೇಡ.