ಗೌರಿ ಹಬ್ಬದಿಂದ ಹೆರಿಗೆ ತಾರೀಖಿನವರೆಗೆ: ಸಬ್ ಸೆಂಟರ್‌ನಲ್ಲಿ ನನ್ನ ಟ್ಯಾಬ್ ಕೆಲಸ

ನಾನು ಮಲೆನಾಡಿನ ಒಂದು ಸಬ್ ಸೆಂಟರ್‌ನಲ್ಲಿ (ಆರೋಗ್ಯ ಉಪಕೇಂದ್ರ) ಎಎನ್‌ಎಂ, ಅಂದರೆ ಬಸುರಿ-ಬಾಣಂತಿಯರನ್ನು ನೋಡಿಕೊಳ್ಳುವ ನರ್ಸ್. ಈಗ ನಮ್ಮ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತ ಹೆಸರು. ಊರವರಿಗೆ ಮಾತ್ರ ನಾನು ಸಿಸ್ಟರೇ. ಬಸುರಿಯರ ವಿವರವನ್ನು ಟ್ಯಾಬ್‌ನ ಅನ್‌ಮೋಲ್ ಆ್ಯಪ್‌ಗೆ ತುಂಬುವುದೂ ನನ್ನ ಕೆಲಸ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರು "ಆ್ಯಪ್ ಎಲ್ಲಾ ಹೇಗೆ ಕಲಿತ್ರಿ ಅಕ್ಕಾ?" ಅಂತ ಕೇಳುತ್ತಾರೆ. ಒತ್ತುವುದು ಯಾರಿಗಾದರೂ ಬೇಗ ಬರುತ್ತದೆ. 2021ರಲ್ಲಿ ಕೋವಿಡ್ ಲಸಿಕೆಯ ಕೋವಿನ್ ಕೆಲಸ ಮಾಡಿದವರಿಗಂತೂ ಹೇಳಿಕೊಡುವುದೇ ಬೇಡ. ಆದರೆ ಹಾಕುವ ಮಾಹಿತಿ ಸರಿ ಇರಬೇಕು, ಹಾಕಿದ್ದನ್ನು ಮತ್ತೆ ತೆಗೆದು ನೋಡಬೇಕು. ನಾನು ಜಾಸ್ತಿ ಗಮನ ಕೊಟ್ಟಿದ್ದು ಇವೆರಡಕ್ಕೆ.

ಎಲ್‌ಎಂಪಿ, ಅಂದರೆ ಕೊನೆಯ ಮುಟ್ಟು ಶುರುವಾದ ದಿನವನ್ನೇ ತಗೊಳ್ಳಿ. "ಕೊನೆಗೆ ಹೊರಗಾಗಿದ್ದು ಯಾವಾಗ?" ಅಂದರೆ ತಾರೀಖು ಹೇಳುವವರು ಕಡಿಮೆ. "ಗೌರಿ ಹಬ್ಬ ಆಗಿ ಎರಡು ದಿನಕ್ಕೆ ಸಿಸ್ಟರ್, ಬಾಗಿನ ಕೊಡೋಕೆ ತೊಂದರೆ ಆಗಲಿಲ್ಲ" ಅನ್ನುತ್ತಾರೆ. ನನಗೆ ಅಷ್ಟು ಸಾಕು. ಗೋಡೆ ಕ್ಯಾಲೆಂಡರ್ ತಿರುಗಿಸಿದರೆ 2024ರ ಗೌರಿ ಹಬ್ಬ ಸೆಪ್ಟೆಂಬರ್ 6, ಅಲ್ಲಿಗೆ ಎಲ್‌ಎಂಪಿ ಸೆಪ್ಟೆಂಬರ್ 8. ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಹೆರಿಗೆ ತಾರೀಖು 2025ರ ಜೂನ್ 15. ಈ ಲೆಕ್ಕವನ್ನು ಆ್ಯಪ್ ಮಾಡುತ್ತದೆ, ಆದರೂ ನಾನು ಬೆರಳಲ್ಲಿ ಒಮ್ಮೆ ಎಣಿಸಿ ತಾಳೆ ನೋಡುತ್ತೇನೆ. ಆ ಒಂದು ತಾರೀಖು ತಪ್ಪಿದರೆ ಮುಂದಿನ ತಪಾಸಣೆ, ಹೆರಿಗೆ ದಿನ ಎಲ್ಲವೂ ಏರುಪೇರು. ಗೊತ್ತಿಲ್ಲದಿದ್ದರೆ ಸುಮ್ನೆ 1ನೇ ತಾರೀಖು, 15ನೇ ತಾರೀಖು ಅಂತ ಹಾಕಬೇಡಿ. ಬೇಗ ಸ್ಕ್ಯಾನಿಂಗ್‌ಗೆ ಕಳಿಸಿ.

ಇನ್ನು ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್. 7ಕ್ಕಿಂತ ಕೆಳಗಿದ್ದರೆ ತೀವ್ರ ರಕ್ತಹೀನತೆ ಅಂತ ಎಲ್ಲರೂ ಓಡಾಡುತ್ತಾರೆ. ಮೊದಲು 10.4, ಆಮೇಲೆ 9.6, ಆಮೇಲೆ 8.7 ಅಂತ ಇಳಿಯುತ್ತಾ ಬಂದವಳು ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿ ತಿಂಗಳು 9ಕ್ಕೆ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಡಾಕ್ಟರ್ ನೋಡುತ್ತಾರಲ್ವಾ, ಅದರ ಹಿಂದಿನ ಸಂಜೆ ಬರಬೇಕಾದವರ ಪಟ್ಟಿ ತೆಗೆಯುತ್ತೇನೆ. ಒಬ್ಬೊಬ್ಬರ ಹಳೆಯ ಎಚ್‌ಬಿಯನ್ನೂ ಸಾಲಾಗಿ ನೋಟ್‌ಬುಕ್‌ಗೆ ಇಳಿಸುತ್ತೇನೆ. ಹೀಗೆ ಸಿಕ್ಕಿದವಳೊಬ್ಬಳ ಮನೆಗೆ ಆಶಾ ಕಾರ್ಯಕರ್ತೆ ಜೊತೆ ಹೋದೆ. "ಮಾತ್ರೆ ನುಂಗಿದರೆ ಹೊಟ್ಟೆ ತೊಳೆಸುತ್ತೆ ಸಿಸ್ಟರ್" ಅಂತ ಅತ್ತೆಗೆ ಕೇಳದ ಹಾಗೆ ಹೇಳಿದಳು. ಕಬ್ಬಿಣಾಂಶದ ಮಾತ್ರೆಗಳೆಲ್ಲ ಸಾಸಿವೆ ಡಬ್ಬಿಯ ಹಿಂದೆ ಹಾಗೇ ಇದ್ದವು. ರಾತ್ರಿ ಊಟ ಆದ ಮೇಲೆ ತಗೋ, ಜೊತೆಗೆ ಕಾಫಿ ಬೇಡ ಅಂದೆ. ಮುಂದಿನ ಸಲ ಎಚ್‌ಬಿ ಏರಿತ್ತು.

ನೆಟ್‌ವರ್ಕ್ ಇಲ್ಲ ಅನ್ನುವುದು ನಮ್ಮಲ್ಲಿ ನಿತ್ಯದ ಮಾತು. ಅನ್‌ಮೋಲ್ ಆ್ಯಪ್‌ನಲ್ಲಿ ಆಫ್‌ಲೈನ್ ಇದ್ದರೂ ತುಂಬಬಹುದು. ಹಾಗಾಗಿ ಬಸುರಿಯ ಮನೆಯಲ್ಲಿ ಕೂತಾಗಲೇ ತುಂಬಿ, ಸಿಗ್ನಲ್ ಇರುವ ಕಡೆ ಬಂದು ಸಿಂಕ್ ಮಾಡುತ್ತೇನೆ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವವರೇ ಹೆಚ್ಚು. ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡ್ ಗಂಡನ ಮನೆಯ ಬೀರುವಿನಲ್ಲೇ ಉಳಿದಿರುತ್ತದೆ. ಅದಕ್ಕೆ ದಾಖಲೆಯಲ್ಲಿ ಅವಳನ್ನು ಗುರುತಿಸುವ 12 ಅಂಕಿಯ ಆರ್‌ಸಿಎಚ್ ನಂಬರನ್ನು ಬಸುರಿಯ ಫೋನಲ್ಲೂ ಅವಳ ಅಮ್ಮನ ಫೋನಲ್ಲೂ ಸೇವ್ ಮಾಡಿಸುತ್ತೇನೆ. ಆ ಊರಿನ ಸಿಸ್ಟರ್‌ಗೆ ನಾನೇ ಫೋನ್ ಮಾಡಿ ನಂಬರ್ ಓದಿ ಹೇಳುತ್ತೇನೆ. ಕಾರ್ಡಿನ ಫೋಟೋ ಹೊಡೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಬೇಡವೇ ಬೇಡ. ಅದರಲ್ಲಿ ಎಚ್‌ಐವಿ ಪರೀಕ್ಷೆಯ ವಿವರವೂ ಇರುತ್ತದೆ.