ನಂದಿ ಬೆಟ್ಟಕ್ಕೆ ಸೈಕಲ್ ತಯಾರಿ: ಮೊದಲು ಬ್ರೇಕ್, ಆಮೇಲೆ ಗೇರ್

ಹಿಂಗಾರು ಮಳೆ ಮುಗಿದು ಚಳಿ ಶುರುವಾದರೆ ಚಿಕ್ಕಬಳ್ಳಾಪುರದ ಸುತ್ತಮುತ್ತ ಬೆಳಗಿನ ಜಾವವೇ ಸೈಕಲ್‌ಗಳು ರಸ್ತೆಗಿಳಿಯುತ್ತವೆ. ಬಹಳಷ್ಟು ಜನರ ಗುರಿ 1,478 ಮೀಟರ್ ಎತ್ತರದ ನಂದಿ ಬೆಟ್ಟ. ಮಳೆಗಾಲವಿಡೀ ಮೆಟ್ಟಿಲ ಕೆಳಗೆ ನಿಂತಿದ್ದ ಸೈಕಲ್ಲನ್ನು ಹೊರಗೆಳೆದು, ಧೂಳು ಒರೆಸಿ, ಗಾಳಿ ಹೊಡೆದು ಹೊರಡುವವರೇ ಜಾಸ್ತಿ. ಸ್ವಲ್ಪ ಆಸಕ್ತಿ ಇರುವವರು ಗೇರ್ ನೋಡುತ್ತಾರೆ. ಏರು ಹತ್ತಬೇಕಲ್ಲ, ಅದಕ್ಕೆ. ಆದರೆ ಗೇರ್ ಕೈಕೊಟ್ಟರೆ ಇಳಿದು ತಳ್ಳಿಕೊಂಡು ಹೋಗಬಹುದು. ವಾಪಸ್ ಇಳಿಯುವಾಗ ಬ್ರೇಕ್ ಹಿಡಿಯದಿದ್ದರೆ ಏನು ಮಾಡುತ್ತೀರಿ? ಹಾಗಾಗಿ ಈ ತಯಾರಿಯಲ್ಲಿ ಹೆಚ್ಚು ಹೊತ್ತು ಬ್ರೇಕಿಗೆ ಕೊಡಿ.

ಒಂದು ಅಲೆನ್ ಕೀ ಸೆಟ್, ಸ್ಟಾರ್ ಸ್ಕ್ರೂಡ್ರೈವರ್, ಹಳೇ ಟೂತ್‌ಬ್ರಷ್, ಹತ್ತಿ ಬಟ್ಟೆ, ಮಕ್ಕಳ ಅಡಿ ಸ್ಕೇಲು, ಚೈನಿಗೆ ಹಾಕುವ ಎಣ್ಣೆ. ಇಷ್ಟಿದ್ದರೆ ಭಾನುವಾರದ ಒಂದು ಮಧ್ಯಾಹ್ನ ಸಾಕು.

ತೊಳೆಯುವುದು

ಬಕೆಟ್ ನೀರು, ಸೋಪು, ಬಟ್ಟೆ. ಬೈಕ್ ತೊಳೆಯುವ ವಾಟರ್ ಸರ್ವಿಸ್‌ಗೆ ಮಾತ್ರ ಒಯ್ಯಬೇಡಿ. ಅಲ್ಲಿನ ನೀರಿನ ರಭಸಕ್ಕೆ ಬೇರಿಂಗ್‌ಗಳ ಒಳಗಿನ ಗ್ರೀಸು ಹೊರಬಂದು, ಆ ಜಾಗದಲ್ಲಿ ನೀರು ಕೂರುತ್ತದೆ. ತೊಳೆದ ಮೇಲೆ ಒರೆಸಿ ಬಿಸಿಲಲ್ಲಿ ನಿಲ್ಲಿಸಿ.

ಬ್ರೇಕ್

ನಂದಿಯ ಇಳಿಜಾರು ಏಳೆಂಟು ಕಿಲೋಮೀಟರ್ ಉದ್ದ. ತಿರುವಿನ ಮೇಲೆ ತಿರುವು. ಚಳಿಗಾಲದ ಬೆಳಿಗ್ಗೆ ಮಂಜಿಗೆ ರಸ್ತೆಯೂ ರಿಮ್ಮೂ ಒದ್ದೆಯಾಗಿರುತ್ತವೆ. ಒದ್ದೆ ರಿಮ್ ಮೇಲೆ ರಬ್ಬರ್ ತಕ್ಷಣ ಕಚ್ಚುವುದಿಲ್ಲ. ಮೊದಲು ನೀರು ಒರೆಸಿಹೋಗಬೇಕು, ಆಮೇಲೆ ಹಿಡಿತ. ಊರೊಳಗೆ ಚೆನ್ನಾಗಿದೆ ಅನ್ನಿಸಿದ ಬ್ರೇಕು ಇಲ್ಲಿ ಬೇರೆಯೇ ಥರ ಇರುತ್ತದೆ.

ನಿಮ್ಮದು ರಿಮ್ ಹಿಡಿಯುವ ಬ್ರೇಕಾದರೆ ಚಕ್ರ ಬಿಚ್ಚಿ ಬ್ರೇಕ್ ರಬ್ಬರ್ ನೋಡಿ. ಅದರಲ್ಲಿ ಗೀರುಗಳಿರುತ್ತವೆ. ಗೀರು ಅಳಿಸಿಹೋಗಿದ್ದರೆ ರಬ್ಬರ್ ಮುಗಿದಂತೆ, ಬದಲಿಸಿ. ಗೀರು ಇದ್ದರೂ ಮಳೆಗಾಲದ ಮರಳು, ಅಲ್ಯೂಮಿನಿಯಂ ಚೂರು ಸಿಕ್ಕಿಕೊಂಡಿರಬಹುದು. ಸೂಜಿಯಿಂದ ಕಿತ್ತು ಹಾಕಿ. ಕರಕರ ಅಂತ ಸದ್ದು ಮಾಡುತ್ತಾ ರಿಮ್ಮನ್ನೇ ಉಜ್ಜುವುದು ಇವೇ. ರಿಮ್ಮಿನ ಪಕ್ಕದಲ್ಲಿ ಬೆರಳಾಡಿಸಿ. ಒಳಕ್ಕೆ ತಗ್ಗಾದಂತೆ ಸಿಕ್ಕರೆ ರಿಮ್ ಸವೆದಿದೆ, ಅಂಗಡಿಯಲ್ಲಿ ತೋರಿಸಿ. ಚಕ್ರ ಹಾಕಿದ ಮೇಲೆ ರಬ್ಬರ್ ಪೂರ್ತಿಯಾಗಿ ರಿಮ್ ಮೇಲೆ ಕೂರಬೇಕು. ಟೈರಿಗೆ ತಾಗಿದರೆ ಟೈರನ್ನು ಕೊಯ್ಯುತ್ತದೆ.

ಡಿಸ್ಕ್ ಬ್ರೇಕಾದರೆ ಟಾರ್ಚ್ ಹಿಡಿದು ಪ್ಯಾಡಿನ ದಪ್ಪ ನೋಡಿ. ಲೋಹದ ತಗಡಿನ ಮೇಲಿರುವ ಭಾಗ ಒಂದು ಮಿಲಿಮೀಟರ್‌ಗೆ ಬಂದಿದ್ದರೆ ಬದಲಿಸುವ ಹೊತ್ತು. ಡಿಸ್ಕನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಯ ಜಿಡ್ಡು ಹತ್ತಿದರೂ ಬ್ರೇಕ್ ಕಿರುಚುತ್ತದೆ. ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿ. ಎಣ್ಣೆಯಿಂದ ನಡೆಯುವ ಹೈಡ್ರಾಲಿಕ್ ಬ್ರೇಕಿದ್ದರೆ, ಚಕ್ರ ಬಿಚ್ಚಿರುವಾಗ ಲಿವರ್ ಒತ್ತಬಾರದು. ಎರಡು ಪ್ಯಾಡುಗಳೂ ಹತ್ತಿರ ಬಂದು ಡಿಸ್ಕ್ ಒಳಗೆ ಹೋಗುವುದಿಲ್ಲ. ಲಿವರ್ ಮೆತ್ತಗಾಗಿದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಇದನ್ನು ಮೆಕ್ಯಾನಿಕ್‌ಗೇ ಬಿಡಿ. ಕೆಲವು ಬ್ರೇಕಿಗೆ ಮಿನರಲ್ ಆಯಿಲ್, ಕೆಲವಕ್ಕೆ ಡಾಟ್ ಫ್ಲೂಯಿಡ್. ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ.

ಬ್ರೇಕ್ ತಂತಿಯ ತುದಿಯಲ್ಲಿ ಎಳೆ ಬಿಟ್ಟಿದ್ದರೆ, ತುಕ್ಕು ಕಂಡರೆ, ಯೋಚನೆ ಮಾಡದೆ ಬದಲಿಸಿ. ದೊಡ್ಡ ಖರ್ಚಲ್ಲ.

ಈಗ ಪರೀಕ್ಷೆ. ಪಕ್ಕದಲ್ಲಿ ನಿಂತು ಮುಂದಿನ ಬ್ರೇಕ್ ಬಿಗಿ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ. ಹಿಂದಿನ ಚಕ್ರ ಮೇಲೇಳಬೇಕು. ಹಿಂದಿನ ಬ್ರೇಕ್ ಹಿಡಿದು ತಳ್ಳಿದರೆ ಹಿಂದಿನ ಚಕ್ರ ಉರುಳದೆ ಜಾರಬೇಕು. ಎಷ್ಟೇ ಜೋರಾಗಿ ಒತ್ತಿದರೂ ಲಿವರ್ ಹ್ಯಾಂಡಲ್ಲಿಗೆ ತಾಗಬಾರದು.

ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಬೆಟ್ಟದ ಮೇಲಿಂದ ಕೆಳಗಿನವರೆಗೆ ಸುಮ್ನೆ ಒತ್ತಿಕೊಂಡೇ ಬರಬೇಡಿ. ರಿಮ್ ಕಾದು ಟ್ಯೂಬು ಒಡೆಯಬಹುದು. ಡಿಸ್ಕ್ ಆದರೆ ಹಿಡಿತ ಕಮ್ಮಿಯಾಗುತ್ತದೆ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಡಿ. ಮತ್ತೆ ಹಿಡಿಯಿರಿ.

ಚಕ್ರ ಮತ್ತು ಟೈರು

ನಮ್ಮ ಕಡೆ ಪಂಕ್ಚರಿಗೆ ಮೊಳೆಗಿಂತ ಜಾಲಿಮುಳ್ಳೇ ಕಾರಣ, ಅಲ್ವಾ? ಟೈರ್ ಬಿಚ್ಚಿ ಒಳಗೆ ಹತ್ತಿ ಬಟ್ಟೆ ಆಡಿಸಿ. ಮುರಿದು ಒಳಗೇ ಉಳಿದ ಮುಳ್ಳಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅದೂ ಹೋಗುತ್ತದೆ. ಟೈರಿನ ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಬೆಟ್ಟಕ್ಕೆ ಆ ಟೈರು ಬೇಡ.

ಎಷ್ಟು ಗಾಳಿ ಅನ್ನುವುದು ಟೈರಿನ ಮೇಲೇ ಬರೆದಿರುತ್ತದೆ. ಅಲ್ಲಿರುವ ಅತಿ ಹೆಚ್ಚಿನ ಅಂಕಿಗಿಂತ ಸ್ವಲ್ಪ ಕಮ್ಮಿ ಇಟ್ಟರೆ ಒದ್ದೆ ರಸ್ತೆಯಲ್ಲಿ ಹಿಡಿತ ಚೆನ್ನಾಗಿರುತ್ತದೆ. ರೋಡ್ ಸೈಕಲ್ಲಿನ ಸಣ್ಣ ವಾಲ್ವಿಗೆ ಪೆಟ್ರೋಲ್ ಬಂಕಿನ ಪೈಪು ಹಿಡಿಯುವುದಿಲ್ಲ. ಒಂದು ಅಡಾಪ್ಟರ್ ಜೇಬಲ್ಲಿರಲಿ.

ಚಕ್ರವನ್ನು ತಿರುಗಿಸಿ ನೋಡಿ. ಬೆಂಡಾಗಿದ್ದರೆ ಬೆಂಡು ತೆಗೆಸಿ. ಕಡ್ಡಿಗಳನ್ನು ಒಂದೊಂದಾಗಿ ಹಿಸುಕಿ, ಸಡಿಲವಾದದ್ದು ಕೈಗೇ ಗೊತ್ತಾಗುತ್ತದೆ. ಚಕ್ರಕ್ಕೆ ಕ್ವಿಕ್ ರಿಲೀಸ್ ಲಿವರ್ ಇದ್ದರೆ, ಅದನ್ನು ಸ್ಕ್ರೂ ಥರ ತಿರುಗಿಸಿ ಬಿಗಿ ಮಾಡುವವರಿದ್ದಾರೆ. ಅದು ಮಡಚಿ ಮುಚ್ಚಬೇಕಾದ ಲಿವರ್. ಮುಚ್ಚುವಾಗ ಅಂಗೈಯಲ್ಲಿ ಗುರುತು ಬೀಳುವಷ್ಟು ಬಿಗಿ ಇರಬೇಕು.

ಚೈನು

ಅಡಿ ಸ್ಕೇಲಿನ ಇಂಚಿನ ಬದಿಯನ್ನು ಚೈನಿನ ಒಂದು ಪಿನ್ನಿನ ನಡುವಿಗಿಟ್ಟು ಹಿಡಿಯಿರಿ. 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ನಡು ಬಂದರೆ ಚೈನು ಚೆನ್ನಾಗಿದೆ. ಸುಮಾರು ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಚೈನು ಬದಲಿಸಿ. ಮೂರು ಮಿಲಿಮೀಟರ್ ಹೋಗಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುತ್ತವೆ, ಖರ್ಚು ದೊಡ್ಡದಾಗುತ್ತದೆ.

ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಪೆಡಲ್ ಹಿಂದಕ್ಕೆ ತಿರುಗಿಸಿ, ಐದು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ. ಎಣ್ಣೆ ಬೇಕಿರುವುದು ಒಳಗೆ. ಹೊರಗೆ ಉಳಿದರೆ ಧೂಳು ಮೆತ್ತಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಹಾಕುವ ಅಭ್ಯಾಸ ಇದ್ದರೆ ಬಿಡಿ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ಬಚ್ಚಲುಮನೆಯ ಬಾಟಲಿ ನೋಡಿದ್ದೀರಲ್ಲ! ಎಣ್ಣೆ ಹಾಕುವಾಗ ರಿಮ್ಮಿಗೋ ಡಿಸ್ಕಿಗೋ ಸಿಡಿಯದಂತೆ ಬಟ್ಟೆ ಅಡ್ಡ ಹಿಡಿಯಿರಿ.

ಗೇರು

ಚೈನು ದೊಡ್ಡ ಹಲ್ಲುಚಕ್ರಕ್ಕೆ ಹತ್ತಲು ತಡಮಾಡಿದರೆ, ಹಿಂದಿನ ಗೇರಿನ ತಂತಿ ಒಳಹೋಗುವಲ್ಲಿರುವ ತಿರುಪನ್ನು ಗಡಿಯಾರದ ಎದುರು ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ಇಳಿಯಲು ತಡವಾದರೆ ಅದಕ್ಕೆ ವಿರುದ್ಧ. ಅತಿ ದೊಡ್ಡ ಹಲ್ಲುಚಕ್ರದಲ್ಲಿ ಚೈನಿರುವಾಗ ಗೇರಿನ ತೋಳನ್ನು, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗವನ್ನು, ಕೈಯಿಂದ ಕಡ್ಡಿಗಳ ಕಡೆ ಒತ್ತಿ. ಚೈನು ಆಚೆ ಜಾರುವಂತಿದ್ದರೆ ಎಲ್ ಅಂತ ಬರೆದ ಸ್ಕ್ರೂ ಬಿಗಿಯಾಗಬೇಕು. ತೋಳೇ ಬಗ್ಗಿದ್ದರೆ ಅಂಗಡಿ ದಾರಿ ಹಿಡಿಯಿರಿ.

ಅಂಗಡಿಗೆ ಹೋದಾಗ ಬರೀ "ಸರ್ವಿಸ್ ಮಾಡಿ ಅಣ್ಣಾ" ಅಂದರೆ ತೊಳೆದು ಎಣ್ಣೆ ಬಿಟ್ಟು ಕೊಡುವವರೂ ಇದ್ದಾರೆ. ಹಿಂದಿನ ಬ್ರೇಕ್ ತಂತಿ, ಮುಂದಿನ ಚಕ್ರದ ಬೆಂಡು ಅಂತ ಬಿಡಿಬಿಡಿಯಾಗಿ ಹೇಳಿ.

ಕೊನೆಯ ಸುತ್ತು

ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಟಕಟಕ ಅಂದರೆ ಹೆಡ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವಲ್ಲಿರುವ ಬೇರಿಂಗು, ಸಡಿಲ. ಹ್ಯಾಂಡಲ್ಲು, ಸೀಟು, ಪೆಡಲ್ಲಿನ ಬೋಲ್ಟುಗಳನ್ನು ಬಿಗಿ ಮಾಡಿ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಚಾರ್ಜ್ ಆಗಿರಲಿ. ಮಂಜಿನಲ್ಲಿ ಇಳಿಯುವಾಗಲೂ ಅವು ಉರಿಯುತ್ತಿರಬೇಕು. ಚೀಲದಲ್ಲಿ ಒಂದು ಟ್ಯೂಬು, ಪಂಪು, ಟೈರ್ ಲಿವರ್ ಇರಲಿ.

ನೇರವಾಗಿ ಬೆಟ್ಟ ಹತ್ತಬೇಡಿ. ಒಂದು ಬೆಳಿಗ್ಗೆ ಮುದ್ದೇನಹಳ್ಳಿ ಕಡೆಗೋ, ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದವರೆಗೋ ಹೋಗಿಬನ್ನಿ. ಹೊಸ ಡಿಸ್ಕ್ ಪ್ಯಾಡ್ ಹಾಕಿಸಿದ್ದರೆ ಖಾಲಿ ರಸ್ತೆಯಲ್ಲಿ ವೇಗ ಹೆಚ್ಚಿಸಿ, ಚಕ್ರ ಜಾರದಂತೆ ನಿಧಾನ ಮಾಡಿ. ಹೀಗೆ 15–20 ಸಲ ಮಾಡಿದರೆ ಹಿಡಿತ ಬರುತ್ತದೆ. ಹೊಸ ತಂತಿ ಹಾಕಿಸಿದ್ದರೆ ಒಂದೆರಡು ಸವಾರಿಯಲ್ಲೇ ತುಸು ಸಡಿಲವಾಗುತ್ತದೆ, ಮನೆಗೆ ಬಂದು ಮತ್ತೊಮ್ಮೆ ಬಿಗಿ ಮಾಡಿಕೊಳ್ಳಿ.