ಮೂಗಿಗೆ ನೀರು, ಬಾಯಿಗೆ ಉಸಿರು

ಸ್ಕೂಬಾ (ಬೆನ್ನ ಮೇಲಿನ ಸಿಲಿಂಡರ್‌ನ ಗಾಳಿಯನ್ನು ಬಾಯಿಂದ ಉಸಿರಾಡುತ್ತಾ ನೀರಿನಡಿ ಈಜುವುದು) ಕೋರ್ಸ್‌ಗೆ ಸೇರಿದಾಗ ನನಗೆ ಆಳದ ಭಯ ಇರಲಿಲ್ಲ. ಭಯ ಇದ್ದದ್ದು ಒಂದೇ ಪಾಠಕ್ಕೆ. ನೀರಿನ ಅಡಿಯಲ್ಲಿ ಕೂತು, ಕಣ್ಣು, ಮೂಗು ಮುಚ್ಚುವ ಗಾಜಿನ ಮಾಸ್ಕ್‌ನೊಳಗೆ ನಾವೇ ನೀರು ಬಿಟ್ಟುಕೊಂಡು, ಮೇಲೆ ಬರದೆ ಅದನ್ನು ಹೊರಗೆ ಹಾಕಬೇಕು. ಮೊದಲು ಅರ್ಧ, ಆಮೇಲೆ ಪೂರ್ತಿ, ಕೊನೆಗೆ ಮಾಸ್ಕನ್ನೇ ಕಳಚಿ ಮತ್ತೆ ಹಾಕಿಕೊಳ್ಳುವುದು. ಇದು ಬರದೆ ಸರ್ಟಿಫಿಕೇಟ್ ಸಿಗುವುದಿಲ್ಲ.

ಈಜು ಬರುತ್ತಿತ್ತು, ಆದರೆ ಇಲ್ಲಿ ಅದೇ ಅಡ್ಡ ಬಂತು. ದಾವಣಗೆರೆ ಸುತ್ತಮುತ್ತಲ ಎಷ್ಟೋ ಹುಡುಗರ ಹಾಗೆ ನಾನೂ ಭದ್ರಾ ನಾಲೆಯಲ್ಲಿ ಈಜು ಕಲಿತವನು. (ಈಗ ಯಾರಿಗೂ ಹಾಗೆ ಕಲಿಯಿರಿ ಅನ್ನುವುದಿಲ್ಲ. ನಾಲೆಯ ಸೆಳೆತ ಕೆಟ್ಟದ್ದು.) ನೀರಿಗೆ ತಲೆ ಹಾಕಿದ ಕೂಡಲೇ ಉಸಿರು ಕಟ್ಟುವುದು ಮೈಗೆ ಹತ್ತಿಬಿಟ್ಟಿದೆ. ಸ್ಕೂಬಾದಲ್ಲಿ ಮಾಡಲೇಬಾರದ ಕೆಲಸ ಅದು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎಳೆದ ಉಸಿರನ್ನು ಹಿಡಿದುಕೊಂಡು ಗಾಬರಿಯಲ್ಲಿ ಮೇಲೆ ಚಿಮ್ಮಿದರೆ ಎದೆಯೊಳಗಿನ ಗಾಳಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ. ಶ್ವಾಸಕೋಶ ಹರಿಯಬಹುದು. ಅದಕ್ಕೇ ಮಾಸ್ಕ್‌ಗೆ ನೀರು ಬಂತು ಅಂತ ಮೇಲಕ್ಕೆ ಓಡುವ ಹಾಗಿಲ್ಲ.

ನನಗೆ ದಾರಿ ಮಾಡಿಕೊಟ್ಟಿದ್ದು ಯೋಗದಲ್ಲಿ ಮೂಗು ತೊಳೆಯುವ ಜಲನೇತಿ. ನಗಬೇಡಿ. ಒಂದು ಹೊಳ್ಳೆಯಿಂದ ನೀರು ಒಳಗೆ ಹೋಗಿ ಇನ್ನೊಂದರಿಂದ ಬರುತ್ತಿರುವಾಗ ನಾವು ಆರಾಮವಾಗಿ ಬಾಯಿಂದ ಉಸಿರಾಡುತ್ತೇವೆ ಅಲ್ವಾ? ಮಾಸ್ಕ್ ತುಂಬಿದಾಗ ಬೇಕಾದದ್ದೂ ಅಷ್ಟೇ. ಮೂಗಿನಲ್ಲಿ ನೀರಿದ್ದರೂ ಬಾಯಿ ತನ್ನ ಪಾಡಿಗೆ ಉಸಿರಾಡಬೇಕು. ಮನೆಯಲ್ಲಿ ಕಾಯಿಸಿ ಆರಿಸಿದ ನೀರಿಗೆ ಲೀಟರ್‌ಗೆ ಸುಮಾರು 9 ಗ್ರಾಂ ಉಪ್ಪು ಹಾಕಿ ನೇತಿ ಮಾಡುತ್ತಿದ್ದೆ. ಆ ಹದದಲ್ಲಿ ಮೂಗು ಉರಿಯುವುದಿಲ್ಲ. ಈಜುಕೊಳದಲ್ಲಿ ಉಪ್ಪಿಲ್ಲ, ಸಮುದ್ರದಲ್ಲಿ ಲೀಟರ್‌ಗೆ ಸುಮಾರು 35 ಗ್ರಾಂ. ಎರಡೂ ಉರಿಸುತ್ತವೆ. ಉರಿ ಬೇರೆ, ಅಪಾಯ ಬೇರೆ ಅಂತ ಮೂಗಿಗೆ ಒಪ್ಪಿಸಲು ಸ್ವಲ್ಪ ಟೈಮ್ ಬೇಕಾಯಿತು.

ಆಮೇಲೆ ಊರಿನ ಈಜುಕೊಳ. ಎದೆಮಟ್ಟದ ನೀರು, ಪಕ್ಕದಲ್ಲಿ ಗೆಳೆಯ. ಮಾಸ್ಕ್ ಇಲ್ಲದೆ, ಬರೀ ಸ್ನಾರ್ಕೆಲ್ (ನೀರಿನ ಮೇಲಿಂದ ಗಾಳಿ ಎಳೆಯುವ ಕೊಳವೆ) ಕಚ್ಚಿಕೊಂಡು ಮುಖ ಮುಳುಗಿಸಿ ಉಸಿರಾಡುವುದು. ನೋಡಿದವರಿಗೆ ತಮಾಷೆ. ನನ್ನ ಲೆಕ್ಕದಲ್ಲಿ ಅರ್ಧ ಪಾಠ ಮುಗಿಯುವುದು ಇಲ್ಲೇ. ಇದು ಬರದವರಿಗೆ ಎಷ್ಟು ಟೆಕ್ನಿಕ್ ಹೇಳಿಕೊಟ್ಟರೂ ಸುಮ್ನೆ.

ಟೆಕ್ನಿಕ್ ಸುಲಭ. ಡೈವಿಂಗ್ ಮಾಸ್ಕ್ ಮೂಗನ್ನೂ ಮುಚ್ಚುತ್ತದೆ, ಈಜುವ ಕನ್ನಡಕದ ಹಾಗಲ್ಲ. ಮೂಗಿಂದ ಬಿಟ್ಟ ಗಾಳಿ ಮಾಸ್ಕ್‌ನ ಮೇಲ್ಭಾಗಕ್ಕೆ ಏರಿ, ನೀರನ್ನು ಕೆಳಗಿನ ಅಂಚಿನಿಂದ ಆಚೆಗೆ ದಬ್ಬುತ್ತದೆ. ಅದಕ್ಕೆ ಮೇಲಿನ ಅಂಚನ್ನು ಬೆರಳಿಂದ ಹಣೆಗೆ ಒತ್ತಿ ಹಿಡಿಯಬೇಕು. ಬಾಯಿಂದ ಉಸಿರೆಳೆದು, ಮೂಗಿಂದ ಬಿಡಲು ಶುರು ಮಾಡಿ, ಬಿಡುತ್ತಲೇ ತಲೆ ಮೇಲೆತ್ತಬೇಕು. ಮೊದಲೇ ತಲೆ ಎತ್ತಿದರೆ ಇರೋ ನೀರೆಲ್ಲ ಮೂಗಿಗೆ ನುಗ್ಗುತ್ತದೆ.

ಜೋರಾಗಿ ಸೀನಿದ ಹಾಗೆ ಬಿಟ್ಟರೆ ಕೆಲಸ ಕೆಡುತ್ತದೆ. ಮಾಸ್ಕ್ ಎಲ್ಲಾ ಕಡೆ ಎದ್ದು ಗಾಳಿ ಪೋಲಾಗುತ್ತದೆ. ಭ್ರಾಮರಿ ಪ್ರಾಣಾಯಾಮದ ಹಾಗೆ ‘ಹ್ಮ್‌ಮ್’ ಅಂತ ಎಳೆದರೆ ಉಸಿರು ತಾನಾಗಿ ನಿಧಾನ, ಒಂದೇ ಸಮ. ಒಂದೇ ಉಸಿರಿಗೆ ಖಾಲಿ ಆಗಬೇಕೆಂದೇನೂ ಇಲ್ಲ. ಇನ್ನೊಂದು ಎಳೆಯಿರಿ, ಇನ್ನೊಮ್ಮೆ ಬಿಡಿ. ಸಿಲಿಂಡರ್ ಬೆನ್ನ ಮೇಲೇ ಇದೆ.

ನಮ್ಮ ಕಡೆಯವರಿಗೆ ಒಂದು ಮಾತು: ಮೀಸೆ. ಸಿಲಿಕೋನ್ ಅಂಚು ಕೂದಲಿನ ಮೇಲೆ ಕೂರುವುದಿಲ್ಲ, ನೀರು ಜಿನುಗುತ್ತಲೇ ಇರುತ್ತದೆ. ನಾನು ಮೂಗಿನ ಕೆಳಗೆ ಒಂದು ಎಳೆಯಷ್ಟು ಜಾಗ ಬೋಳಿಸಿಕೊಂಡೆ. ನಕ್ಕರೂ ಕೆನ್ನೆಯ ಗೆರೆಯಿಂದ ನೀರು ಬರುತ್ತದೆ, ಮೀನು ನೋಡಿ ನಗದಿರುವುದು ಕಷ್ಟ.

ಸಮುದ್ರದ ಡೈವ್ ನೇತ್ರಾಣಿ ದ್ವೀಪದ ಬಳಿ. ಶಿವಮೊಗ್ಗ, ಸಾಗರ, ಹೊನ್ನಾವರ ದಾಟಿ ಮುರುಡೇಶ್ವರ, ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಮಳೆಗಾಲದಲ್ಲಿ ಎಲ್ಲಾ ಬಂದ್. ಕೆಳಗಿಳಿಯುವಾಗ ಒತ್ತಡಕ್ಕೆ ಮಾಸ್ಕ್ ಮುಖಕ್ಕೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಮೂಗಿಂದ ಚೂರು ಗಾಳಿ ಬಿಟ್ಟರೆ ಸಡಿಲ ಆಗುತ್ತದೆ. ಅದಕ್ಕೂ ಈ ಅಭ್ಯಾಸವೇ ನೆರವಾಯಿತು.

ಮಾಸ್ಕ್ ಕಳಚುವ ಪಾಠದಲ್ಲಿ ಕಣ್ಣು ಮುಚ್ಚಿಕೊಂಡೇ ಇದ್ದೆ. ಕಾಂಟ್ಯಾಕ್ಟ್ ಲೆನ್ಸ್ ಇರುವವರು ಮುಚ್ಚಲೇಬೇಕು, ಇಲ್ಲದಿದ್ದರೆ ಲೆನ್ಸ್ ತೇಲಿ ಹೋಗಬಹುದು. ಕಳಚಿದ ಮೇಲೆ ಅವಸರ ಮಾಡದೆ ಒಂದೆರಡು ಉಸಿರು ಬಾಯಿಂದ ಆಡಿ. ಮಾಸ್ಕನ್ನು ಮುಖಕ್ಕೆ ಒತ್ತಿ, ಪಟ್ಟಿಯನ್ನು ತಲೆ ಹಿಂದಕ್ಕೆ ಎಳೆದು, ಅಂಚಿನ ಸುತ್ತ ಬೆರಳಾಡಿಸಿ ಕೂದಲು ಸಿಕ್ಕಿದೆಯಾ ನೋಡಿ. ಆಮೇಲೆ ‘ಹ್ಮ್‌ಮ್’. ತಳದಲ್ಲಿ ಚಮಚದಷ್ಟು ನೀರು ಉಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಮೀಸೆ ಇದ್ದವರಿಗೆ ಅದು ಇದ್ದದ್ದೇ.